ಚೀಲಕ್ಕೊಂದು ಕೆಜಿ

ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ, ರೈತರ ಮಾಲು ಖರೀದಿದಾರರಿಗೆ ಮಾರಿಸಿಕೊಡೋ ದಲಾಲಿ ಅಂಗಡಿ ಗುಮಾಸ್ತನಾಗಿ ನಂದು ಇದು 12ನೇ ಸೀಸನ್ನು. ನಿಯತ್ತಿನ ಬಗ್ಗೆ ಬರೆಯೋಕೆ ದೊಡ್ಡ ಓದು ಏನಿಲ್ಲ ನನಗೆ, ಮೆಕ್ಕೆಜೋಳದ ತೂಕ ಹಾಕ್ತಾ ಕಲಿತದ್ದು ಅಷ್ಟೇ, ಅದನ್ನೇ ಹೇಳ್ತೀನಿ.

ಕೆಲಸಕ್ಕೆ ಸೇರಿದ ವಾರದಲ್ಲೇ ಹಳೇ ಗುಮಾಸ್ತರು ಹೇಳಿಕೊಟ್ಟಿದ್ದು, ಚೀಲಕ್ಕೆ ಒಂದು ಕೆಜಿ ಸೂಟು ಹಿಡಿ, ಅಂದ್ರೆ ತೂಕದಲ್ಲಿ ಅಷ್ಟು ಕಳೆದು ಬರಿ ಅಂತ. ಚೀಲದ ತೂಕ, ಕಸ, ತೇವ ಎಲ್ಲಾ ಸೇರಿ ಅಂತ ಕಾರಣ ಹೇಳೋರು. ಆದ್ರೆ ಪ್ಲಾಸ್ಟಿಕ್ ಚೀಲ ಖಾಲಿ ತೂಗಿದ್ರೆ 100-150 ಗ್ರಾಂ ಬರುತ್ತೆ, ಗೋಣಿ ಚೀಲ ಅಂದ್ರೂ ಅರ್ಧ ಕೆಜಿ ಮೇಲೆ ಸ್ವಲ್ಪ, ತೇವಕ್ಕೆ ಅಂತ ರೇಟಲ್ಲಿ ಮೊದಲೇ ಇಳಿಸಿರ್ತಾರೆ, ಹಂಗಾದ್ರೆ ಉಳಿದದ್ದು ಯಾರ ಪಾಲು? ಗೊತ್ತಿದ್ದೂ ಎರಡು ಸೀಸನ್ ಹಂಗೇ ಹಿಡಿದೆ. ಕೇಳಿದ ರೈತರಿಗೆ ಅದು ರೂಲ್ಸ್ ಅಂದೆ.

2015ರ ಸುಗ್ಗಿಯಲ್ಲಿ ಜಗಳೂರು ಕಡೆಯಿಂದ ಒಬ್ಬ ಅಜ್ಜಿ ಬಂದಿದ್ಲು, 32 ಚೀಲ ಮೆಕ್ಕೆಜೋಳ. ತೂಕ ಮುಗಿಯೋವರೆಗೂ ಕಾಟದ, ಅಂದ್ರೆ ತೂಕದ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೇ ಇದ್ಲು. ಪಟ್ಟಿ ಬರೆದು ಕೊಟ್ಟೆ. ಅವಳು ಸೆರಗಿನ ಗಂಟು ಬಿಚ್ಚಿ ನನ್ನ ಟೇಬಲ್ ಮೇಲೆ ಜೋಳದ ಕಾಳು ಸುರುವಿದ್ಲು, ಚೀಲಕ್ಕೆ ಒಂದರಂತೆ ಎತ್ತಿಟ್ಟುಕೊಂಡಿದ್ದು, ಎರಡೆರಡೇ ಸರಿಸಿ ಎಣಿಸಿದ್ಲು, 32. "ಚೀಲ ಸರಿ ಐತಪ್ಪಾ, ಈ 32 ಕೆಜಿ ಎಲ್ಲಿ ಹೋತು ತಮ್ಮಾ?" ಅಂದ್ಲು. ಜಗಳದ ದನಿ ಅಲ್ಲ, ಸುಮ್ನೆ ಕೇಳಿದ್ದು. ರೂಲ್ಸ್ ಅಜ್ಜಿ ಅಂದೆ. "ಎಲ್ಲಿ ಬರದೈತೆ, ತೋರ್ಸು" ಅಂದ್ಲು. ಎಲ್ಲೂ ಬರೆದಿಲ್ಲ. ಆಗ ಕ್ವಿಂಟಾಲಿಗೆ 1300 ಆಸುಪಾಸು, ಅಂದ್ರೆ ಅವಳದ್ದು 416 ರೂಪಾಯಿ. ಅವಳು ಹೋದ್ಮೇಲೂ ಆ ಕಾಳು ಟೇಬಲ್ ಮೇಲೇ ಇದ್ವು, ಹಮಾಲರ ಹುಡುಗ ಗುಡಿಸೋಕೆ ಬಂದಾಗ ಬ್ಯಾಡ ಅಂದೆ.

ಈಗ ಕಷ್ಟದ ಮಾತು ಹೇಳ್ಬೇಕು. ನಮ್ಮ ಸಾವ್ಕಾರ್ರು ಕೆಟ್ಟೋರಲ್ಲ. ನಮ್ಮಪ್ಪನಿಗೆ ಎದೆನೋವು ಬಂದಾಗ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ 60 ಸಾವಿರ ತಂದುಕೊಟ್ಟೋರು, ಒಂದು ಚೀಟಿಗೂ ಸಹಿ ಕೇಳಲಿಲ್ಲ. ಉಂಡ ಮನೆಗೆ ಎರಡು ಬಗೀಬಾರ್ದು ಅಂತ ಬೆಳೆದೋನು ನಾನು, ಹಂಗಾಗಿ ಬಾಯಿ ಬಿಡೋಕೆ ತಿಂಗಳು ಹಿಡೀತು. ಇದರ ಮಧ್ಯೆ ಸ್ನೇಹಿತ ಒಬ್ಬ ಹೇಳಿದ, ನೀನು ಸುಮ್ನೆ ಸೂಟು ಕಮ್ಮಿ ಬರಿ, ಅವರಿಗೆ ಗೊತ್ತಾಗಲ್ಲ ಅಂತ. ಅದು ಬ್ಯಾಡ ಅನ್ನಿಸ್ತು. ರೈತನಿಗೆ ಒಳ್ಳೇದು ಮಾಡೋಕೆ ಹೋಗಿ ಸಾವ್ಕಾರ್ರ ಕಣ್ಣಿಗೆ ಮಣ್ಣೆರಚಿದಂಗೆ ಆಗುತ್ತಲ್ಲ, ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ಟಿರೋದು ನಂಬಿಕೆ ಮೇಲೆ. ಹೇಳೋದಾದ್ರೆ ಅವರ ಮುಖಕ್ಕೇ ಹೇಳ್ಬೇಕು, ಒಬ್ಬರೇ ಇದ್ದಾಗ ಹೇಳ್ಬೇಕು, ಹಮಾಲರ ಮುಂದೆ ಅಲ್ಲ, ಫೋನಲ್ಲೂ ಅಲ್ಲ.

ಒಂದು ಮಧ್ಯಾಹ್ನ ಅವರು ಊಟ ಮುಗಿಸಿ ಗಾದಿಗೆ ಬಂದಾಗ ಹಾಳೆ ಇಟ್ಟೆ. ದಿನಕ್ಕೆ 200 ಚೀಲ, 200 ಕೆಜಿ, 2600 ರೂಪಾಯಿ, ನಮ್ಮ ಪುಸ್ತಕದ್ದೇ ಲೆಕ್ಕ. "ಸಾವ್ಕಾರ್ರೇ, ಇದನ್ನ ಇನ್ಮೇಲೆ ನನ್ನ ಕೈಲಿ ಬರೆಯೋಕಾಗಲ್ಲ, ಬೇರೆ ಯಾವ ಕೆಲಸ ಹೇಳಿದ್ರೂ ಮಾಡ್ತೀನಿ" ಅಂದೆ. ನೀನು ನನಗೆ ಬುದ್ಧಿ ಹೇಳೋಕೆ ಬಂದ್ಯಾ ಅಂದ್ರು, ಖರೀದಿದಾರ ಬಿಡ್ತಾನಾ ಅಂದ್ರು, ಮೂರು ದಿನ ಮಾತಾಡ್ಲಿಲ್ಲ. ಆ ಮೂರು ದಿನ ನಾನು ಎಂದಿಗಿಂತ ಅರ್ಧ ಗಂಟೆ ಮುಂಚೆ ಅಂಗಡಿ ತೆಗೆದೆ. ಮುನಿಸಿಗೆ ಕೆಲಸದಲ್ಲಿ ಸೇಡು ತೀರಿಸ್ಕೊಂಡ್ರೆ ಹೇಳಿದ ಮಾತಿಗೆ ಬೆಲೆ ಇರಲ್ಲ.

ನಾಲ್ಕನೇ ದಿನ ಅವರೇ ಕರೆದು ಹಂಗಾದ್ರೆ ಹೆಂಗ್ ಮಾಡ್ತೀಯ ತೋರ್ಸು ಅಂದ್ರು. ಮಾಡಿದ್ದು ಇಷ್ಟು. ಖಾಲಿ ಚೀಲ ರೈತನ ಮುಂದೆ ತೂಗಿ ಅಷ್ಟೇ ಕಳೆಯೋದು. ಕಾಟಕ್ಕೆ ತೂಕ ಸರಿ ಐತೆ ಅಂತ ವರ್ಷಕ್ಕೊಮ್ಮೆ ಹಾಕೋ ಮುದ್ರೆ ಅವನಿಗೆ ಕಾಣೋ ಹಂಗೆ ತಿರುಗಿಸಿ ಇಡೋದು. ತೇವ ನೋಡೋವಾಗ ಚೀಲದ ಬಾಯಿ ಹತ್ರದ ಕಾಳಲ್ಲದೇ ನಾಲ್ಕೈದು ಚೀಲದ ನಡುವಿನ ಕಾಳೂ ತೆಗೆದು ಬೆರೆಸಿ, ಮೀಟರ್ ಅವನ ಕೈಗೇ ಕೊಡೋದು. ಇಲ್ಲಿ ರೈತನಿಗೂ ನಿಜ ಹೇಳ್ಬೇಕಾಗುತ್ತೆ ನೋಡಿ, ಅದು ಸುಲಭ ಅಲ್ಲ. ನೂರಕ್ಕೆ 18 ತೇವ ಇರೋ 100 ಕೆಜಿ ಜೋಳ ಒಣಗಿ ನೂರಕ್ಕೆ 14ಕ್ಕೆ ಬಂದ್ರೆ 95 ಕೆಜಿ ಚಿಲ್ಲರೆ ಅಷ್ಟೇ ಉಳಿಯೋದು, ಖರೀದಿದಾರ ರೇಟು ಇಳಿಸೋದ್ರಲ್ಲಿ ಅಷ್ಟು ನ್ಯಾಯ ಐತೆ. ಅದನ್ನ ಹೇಳಿ, ಎರಡು ದಿನ ಹರವಿ ಒಣಗಿಸ್ರಿ ಅಂತೀನಿ. ಕೆಲವರು ಬೈಕೊಂಡು ಬೇರೆ ಅಂಗಡಿಗೆ ಹೋದ್ರು, ಇಬ್ಬರು ಖರೀದಿದಾರರೂ ನಮ್ಮ ಮಾಲು ಬಿಟ್ರು. ಆ ವರ್ಷ ಅಂಗಡಿಗೆ ನಷ್ಟ ಆಯ್ತು, ನನಗೆ ಬೋನಸ್ ಇರಲಿಲ್ಲ, ಕೇಳಲೂ ಇಲ್ಲ.

ಆಮೇಲೆ ಬೇರೆ ಅಂಗಡಿಯವರು ನಮ್ಮ ರೈತರ ಫೋನ್ ನಂಬರ್ ಕೊಟ್ರೆ ತಿಂಗಳಿಗೆ 4000 ಜಾಸ್ತಿ ಕೊಡ್ತೀವಿ ಅಂತ ಬಂದ್ರು. ಕೊಡಲಿಲ್ಲ, ಬಂದಿದ್ದನ್ನ ಅವತ್ತೇ ಸಾವ್ಕಾರ್ರಿಗೆ ಹೇಳ್ದೆ. ಒಂದು ಸಲ ಕೂಡಿಸೋದ್ರಲ್ಲಿ ತಪ್ಪಿ ಒಬ್ಬ ರೈತನಿಗೆ ಒಂದು ಕ್ವಿಂಟಾಲ್ ದುಡ್ಡು ಕಮ್ಮಿ ಕೊಟ್ಟಿದ್ದೆ, ರಾತ್ರಿ ಲೆಕ್ಕ ನೋಡುವಾಗ ಗೊತ್ತಾಯ್ತು, ಸಾವ್ಕಾರ್ರಿಗೆ ಹೇಳಿ ಬೆಳಿಗ್ಗೆ ಬಸ್ ಹತ್ತಿ ಅವನ ಊರಿಗೇ ಹೋಗಿ ಕೊಟ್ಟು ಬಂದೆ, ಬಸ್ ಚಾರ್ಜು ನನ್ನದೇ.

ಈಗ ಸಾವ್ಕಾರ್ರಿಗೆ ವಯಸ್ಸಾಯ್ತು, ಅಂಗಡಿ ಮಗ ನೋಡ್ಕೊಳ್ತಾರೆ. ಈ ಸಲ ಮಾಲು ಜಾಸ್ತಿ. ಮೊನ್ನೆ ಅವರು, ಅರ್ಧ ಕೆಜಿನಾದ್ರೂ ಸೂಟು ಹಿಡಿಯೋಣ ಅಣ್ಣ, ಎಲ್ಲಾರೂ ಹಿಡೀತಾರೆ ಅಂದ್ರು. ಕಾಟದ ಹತ್ರ ಜನ ಇದ್ರು, ಅದಕ್ಕೆ ಅಲ್ಲಿ ಏನೂ ಅನ್ನಲಿಲ್ಲ. ಹಾಳೆ ಬರೆದಿಟ್ಟಿದೀನಿ, ಸೋಮವಾರ ಮಧ್ಯಾಹ್ನ ಊಟ ಆದ್ಮೇಲೆ ಅವರ ಹತ್ರ ಕೂತು ಮಾತಾಡ್ತೀನಿ.