ಒಂದು ರಾಗಿ ಹೊಲ, ಮೂರು ಭೇಟಿ

ತಟ್ಟೆಯ ಅನ್ನ ಎಲ್ಲಿಂದ ಬಂತು ಎಂದು ತಿಳಿಯಲು ಹತ್ತು ತೋಟಗಳನ್ನು ಸುತ್ತಬೇಕಾಗಿಲ್ಲ. ಅಡುಗೆಮನೆಯ ಒಂದೇ ಪದಾರ್ಥವನ್ನು ಆರಿಸಿಕೊಂಡು, ಒಂದೇ ಹೊಲಕ್ಕೆ, ವರ್ಷದಲ್ಲಿ ಮೂರು ಸಲ ಹೋಗಿ. ಬೆಂಗಳೂರಿನ ಮನೆಗಳಿಗೆ ನಾನು ಸೂಚಿಸುವುದು ರಾಗಿ. ಮಾಗಡಿ, ಕನಕಪುರ, ದೊಡ್ಡಬಳ್ಳಾಪುರ, ಹೊಸಕೋಟೆ, ಯಾವ ದಿಕ್ಕಿಗೆ ಹೊರಟರೂ ಬೆಳಗಿನ ಬಸ್ಸು ಹತ್ತಿ ಸಂಜೆಗೆ ಮರಳುವಷ್ಟು ಹತ್ತಿರದಲ್ಲಿ ರಾಗಿ ಬೆಳೆಯುತ್ತಾರೆ.

ಹೊಲ ಹುಡುಕುವುದು

ಹಿಟ್ಟಿನ ಪೊಟ್ಟಣ ಹೊಲದ ಗುರುತು ಹೇಳುವುದಿಲ್ಲ. ಬಡಾವಣೆಯ ಹಿಟ್ಟಿನ ಗಿರಣಿಯಲ್ಲಿ ಕೇಳಿ; ಊರಿನಿಂದ ಕಾಳು ತಂದು ಬೀಸಿಸುವವರು ಅಲ್ಲಿ ಸಿಗುತ್ತಾರೆ. ಆಟೊ ಓಡಿಸುವವರು, ಕಟ್ಟಡ ಕಾಯುವವರು, ಮನೆಗೆಲಸಕ್ಕೆ ಬರುವವರು, ಇವರಲ್ಲಿ ಎಷ್ಟೋ ಮಂದಿಗೆ ಊರಿನಲ್ಲಿ ಒಂದೆರಡು ಎಕರೆ ಇರುತ್ತದೆ. ಯಾರೂ ಸಿಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಮೊದಲೇ ಫೋನ್ ಮಾಡಿ, ಅವರಿಗೆ ಅನುಕೂಲವಾದ ದಿನವನ್ನು ಕೇಳಿಕೊಳ್ಳಿ. ನಾಲ್ಕು ಜನರಿಗಿಂತ ಹೆಚ್ಚು ಬೇಡ. ಹಳ್ಳಿಯ ಮನೆಗಳಲ್ಲಿ ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ. ಆ ಅಡುಗೆಯ ಭಾರ ಬೀಳುವುದು ಬೆಳಗಿನಿಂದ ಹೊಲದಲ್ಲಿ ಕಳೆ ಕಿತ್ತು ಬಂದ ಹೆಣ್ಣುಮಗಳ ಮೇಲೆ. ಆದ್ದರಿಂದ ಬುತ್ತಿ ಕಟ್ಟಿಕೊಂಡು ಹೋಗಿ, ಅವರಿಗೂ ಸಾಲುವಷ್ಟು.

ಮೊದಲ ಭೇಟಿ: ಬಿತ್ತನೆ

ಮಳೆಯಾಶ್ರಿತ ರಾಗಿಯ ಬಿತ್ತನೆ ಹೆಚ್ಚಾಗಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಹೊಲದ ಮಣ್ಣು ಹದವಾಗಿರುವ ದಿನಗಳು ಕೆಲವೇ. ಅಂದು ಯಾರಿಗೂ ಮಾತಿಗೆ ಪುರುಸೊತ್ತು ಇರುವುದಿಲ್ಲ. ಬದುವಿನ ಮೇಲೆ ನಿಂತು ನೋಡಿ. ಬೀಜ ಎಲ್ಲಿಯದು ಎಂಬ ಒಂದು ಪ್ರಶ್ನೆ ಸಾಕು. ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ತಳಿಯ ಹೆಸರು ಕಿವಿಗೆ ಬಿದ್ದರೆ ಗುರುತಿಟ್ಟುಕೊಳ್ಳಿ: ಅದು ಸುಮಾರು 110ರಿಂದ 115 ದಿನಗಳ ಬೆಳೆ. ಕೊಯ್ಲು ಯಾವಾಗ ಎಂಬ ಲೆಕ್ಕ ಅಲ್ಲೇ ಸಿಗುತ್ತದೆ.

ಎರಡನೆಯ ಭೇಟಿ: ಅಕ್ಕಡಿ ಸಾಲು

ಅಕ್ಟೋಬರ್‌ನಲ್ಲಿ, ತೆನೆ ಹಾಲುಗಟ್ಟುವ ಹೊತ್ತಿಗೆ ಹೋಗಿ. ಮೂರರಲ್ಲಿ ಒಂದೇ ಭೇಟಿ ಸಾಧ್ಯ ಎನ್ನುವವರಿಗೂ ನಾನು ಹೇಳುವುದು ಇದನ್ನೇ. ಹಸಿ ಕಾಳನ್ನು ಉಗುರಿನಲ್ಲಿ ಒತ್ತಿದರೆ ಬಿಳಿಯ ಹಾಲು ಒಸರುತ್ತದೆ. ಅಷ್ಟಕ್ಕಿಂತ ಮುಖ್ಯವಾದದ್ದು ರಾಗಿಯ ನಡುನಡುವೆ ಇರುವ ಅಕ್ಕಡಿ ಸಾಲುಗಳು: ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ರೈತರಲ್ಲಿ ಮನೆಗೊಂದು ಲೆಕ್ಕವಿದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಮುತ್ತಿಕೊಂಡಿರುತ್ತದೆ. ಅಪ್ಪಣೆ ಕೇಳಿ ಒಂದು ಅವರೆ ಗಿಡವನ್ನು ಕಿತ್ತು ಬೇರು ನೋಡಿ: ಸಣ್ಣ ಗಂಟುಗಳು ಕಾಣುತ್ತವೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿಗಳ ಮನೆ ಅದು. ಮುದ್ದೆ, ಸಾರಿನ ಬೇಳೆ, ಚಟ್ನಿಪುಡಿಯ ಹುಚ್ಚೆಳ್ಳು, ಎಲ್ಲವೂ ಒಂದೇ ಹೊಲದಲ್ಲಿ ಅಕ್ಕಪಕ್ಕ ನಿಂತಿದ್ದನ್ನು ಮೊದಲು ಕಂಡಾಗ ನನಗೆ ಮಾತೇ ಹೊರಡಲಿಲ್ಲ. ಒಂದು ಊಟವನ್ನೇ ಯಾರೋ ಸಾಲು ಹಿಡಿದು ಬಿತ್ತಿದ್ದರು.

ಇಲ್ಲಿ ಕುಳಿತು ಮಾತನಾಡಲು ಸಮಯವಿರುತ್ತದೆ. ‘ಇದು ಸಾವಯವವೇ?’ ಎಂದು ಮಾತು ಶುರು ಮಾಡಬೇಡಿ. ಅದು ರೈತನನ್ನು ಕಟಕಟೆಗೆ ನಿಲ್ಲಿಸುವ ಪ್ರಶ್ನೆ. ಗೊಬ್ಬರ ಏನು ಹಾಕಿದಿರಿ, ಎಷ್ಟು ಹಾಕಿದಿರಿ, ಯಾವ ರೋಗ ಬಂದಿತ್ತು ಎಂದು ಕೇಳಿದರೆ ತಿಪ್ಪೆ ಗೊಬ್ಬರ, ಡಿಎಪಿ, ಯೂರಿಯಾ ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕನಕಪುರ, ಆನೇಕಲ್ ಕಡೆಯ ಕಾಡಂಚಿನ ಹೊಲವಾದರೆ ಇನ್ನೊಂದನ್ನು ಕೇಳಿ: ರಾತ್ರಿ ಹೊಲ ಕಾಯುವವರು ಯಾರು? ಆನೆ, ಹಂದಿಗಳಿಗೆ ಹೆದರಿ ನಿದ್ದೆಗೆಟ್ಟ ರಾತ್ರಿಗಳೂ ನಮ್ಮ ಮುದ್ದೆಯಲ್ಲಿವೆ.

ಮೂರನೆಯ ಭೇಟಿ: ಕಣ

ಕುಡುಗೋಲಿನಲ್ಲಿ ಕೊಯ್ದ ಪೈರು ಮೆದೆಯಲ್ಲಿ ಕೆಲವು ದಿನ ಇದ್ದು, ಡಿಸೆಂಬರ್, ಜನವರಿಯ ಹೊತ್ತಿಗೆ ಕಣಕ್ಕೆ ಬರುತ್ತದೆ. ಸಗಣಿ ಸಾರಿಸಿದ ಕಣಗಳು ಈಗ ಅಪರೂಪ. ಯಂತ್ರ ಬಂದಿದೆ, ಅದಕ್ಕೂ ಆಗದವರು ಟಾರು ರಸ್ತೆಯ ಮೇಲೆ ತೆನೆ ಹರಡಿ ವಾಹನಗಳಿಂದ ತುಳಿಸುತ್ತಾರೆ. ಬೈಕು ಜಾರುತ್ತದೆ, ಕಾಳಿಗೆ ಕಲ್ಲುಪುಡಿ ಸೇರುತ್ತದೆ. ಒಕ್ಕಣೆ ಹೇಗೆ ಮಾಡಿದಿರಿ ಎಂದು ಕೇಳುವುದು ಇದಕ್ಕಾಗಿ. ಒಕ್ಕಣೆಗೆ ಆಳು ಸಿಗುತ್ತಾರೆಯೇ, ಕೂಲಿ ಎಷ್ಟು ಎಂದೂ ಕೇಳಿ, ಆಮೇಲೆ ರಸ್ತೆಯ ಮೇಲಿನ ರಾಗಿಯನ್ನು ಬೈಯುವುದೋ ಬೇಡವೋ ಎಂದು ನೀವೇ ಯೋಚಿಸಿ.

ಕಣಕ್ಕೆ ಕಾಲಿಡುವ ಮುನ್ನ ಚಪ್ಪಲಿ ಬಿಡಿ. ರಾಶಿ ಪೂಜೆಯಾಗುವವರೆಗೆ ಕಾಳನ್ನು ಮುಟ್ಟಬೇಡಿ. ಅಳೆಯುವಾಗ ಕಿವಿಗೊಡಿ: ಮೊದಲ ಸೇರನ್ನು ಹಿರಿಯರು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಪಕ್ಕದಲ್ಲಿ ಬಣವೆ ಏಳುತ್ತಿರುವ ರಾಗಿ ಹುಲ್ಲನ್ನೂ ಗಮನಿಸಿ. ಬೇಸಿಗೆಯಲ್ಲಿ ಹಸು ತಿನ್ನುವುದು ಅದನ್ನು. ಡೇರಿಯ ಮೂಲಕ ನಿಮ್ಮ ಮನೆಗೆ ಬರುವ ಹಾಲಿಗೂ ಇದೇ ಹೊಲ ಮೂಲವಾಗಿರಬಹುದು.

ಕೊಳ್ಳುವುದು

ಬರಿಗೈಯಲ್ಲಿ ಮರಳಬೇಡಿ, ಚೌಕಾಸಿಯನ್ನೂ ಮಾಡಬೇಡಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹4,886, ಅಂದರೆ ಕಿಲೋಗೆ ₹49ಕ್ಕೆ ತುಸು ಕಡಿಮೆ. ಆ ದರ ಸಿಗಬೇಕಾದರೆ ರೈತ ನೋಂದಣಿ ಮಾಡಿಸಿ, ಖರೀದಿ ಕೇಂದ್ರ ತೆರೆಯುವವರೆಗೆ ಕಾಯಬೇಕು. ಸಾಲ ತೀರಿಸುವ ಅವಸರದಲ್ಲಿರುವವರು ಕಾಯಲಾರದೆ ವ್ಯಾಪಾರಿಗೆ ಮಾರುತ್ತಾರೆ. ನೀವು ಅಂಗಡಿಯಲ್ಲಿ ಹಿಟ್ಟಿಗೆ ಕೊಡುವ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ, ನಡುವೆ ಒಂದು ದರ ಹೇಳಿ. ವರ್ಷಕ್ಕೆ ಬೇಕಾದಷ್ಟನ್ನು ಒಟ್ಟಿಗೆ ಕೊಂಡರೆ ಅವರಿಗೂ ಅನುಕೂಲ. ಒಣಗಿದ ರಾಗಿಗೆ ಹುಳು ಬೀಳುವುದು ಕಡಿಮೆ, ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಹಿಟ್ಟು ಮಾತ್ರ ಅಷ್ಟು ದಿನ ತಾಳುವುದಿಲ್ಲ. ಮನೆಯಲ್ಲಿ ಮೊರದಿಂದ ಕೇರಿ, ಕಲ್ಲು ಆರಿಸಿ, ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ತಿಂಗಳಿಗೆ ಆಗುವಷ್ಟನ್ನು ಮಾತ್ರ ಗಿರಣಿಗೆ ಕೊಡಿ.

ಜನವರಿಯಲ್ಲಿ ಹೋದವರು ಇನ್ನೊಂದು ಚೀಲವನ್ನೂ ಜೊತೆಗಿಟ್ಟುಕೊಳ್ಳಿ. ರಾಗಿ ಕೊಯ್ದ ಮೇಲೂ ಅಕ್ಕಡಿಯ ಅವರೆ ಹೊಲದಲ್ಲಿ ನಿಂತಿರುತ್ತದೆ, ಮಂಜು ಕುಡಿದ ಕಾಯಿಗೆ ಸೊಗಡು ತುಂಬಿರುತ್ತದೆ.