ರೈಸ್ ಮಿಲ್ ಕಂಬಗಳ ಸೀಸದ ಬಣ್ಣ ಧೂಳಿಲ್ಲದೆ ತೆಗೆದಿದ್ದು: ನನ್ನ ಅನುಭವ

"ಕಾಸ್ಟಿಕ್ ಗಂಜಿ ಬಳಿದರೆ ರೆಡ್ ಲೆಡ್ ಬಿಡುತ್ತಾ?" ಅಂತ ನಕ್ಕವರೇ ಈಗ ಫೋನ್ ಮಾಡಿ ಅಳತೆ ಕೇಳುತ್ತಿದ್ದಾರೆ. ಕಾಸ್ಟಿಕ್ ಅಂದರೆ ಕಾಸ್ಟಿಕ್ ಸೋಡಾ; ರೆಡ್ ಲೆಡ್ ಅಂದರೆ ತುಕ್ಕು ಹಿಡಿಯದಿರಲಿ ಅಂತ ಕಬ್ಬಿಣಕ್ಕೆ ಬಳಿಯುತ್ತಿದ್ದ ಸೀಸದ ಪ್ರೈಮರ್. ಅಳತೆ ಹೇಳೋದಿಲ್ಲ, ಕೆಲಸ ಹೇಗಾಯಿತು ಅಂತ ಮಾತ್ರ ಬರೆಯುತ್ತಿದ್ದೇನೆ.

ಗಂಗಾವತಿ ಕಡೆಯ ಹಳೇ ರೈಸ್ ಮಿಲ್. ಕಂಬ, ಟ್ರಸ್, ಟ್ಯಾಂಕಿನ ಸ್ಟ್ಯಾಂಡ್ ಸೇರಿ ಸುಮಾರು 4 ಸಾವಿರ ಚದರ ಅಡಿ. ಮೇಲೆ ಹಸಿರು ಎನಾಮಲ್, ಅಡಿಯಲ್ಲಿ ಕಿತ್ತಳೆ ರೆಡ್ ಲೆಡ್. ಕೆರೆದು ಸೋಡಿಯಂ ಸಲ್ಫೈಡ್ ಹನಿ ಬಿಟ್ಟೆ, ಕಪ್ಪಾಯಿತು; ಅಂದರೆ ಸೀಸ ಇದೆ. ಗಾಳಿಯ ಒತ್ತಡದಲ್ಲಿ ಗ್ರಿಟ್ (ಗಟ್ಟಿ ಹರಳು) ಹೊಡೆದು ಬಣ್ಣ ಕೀಳುವ ಬ್ಲಾಸ್ಟಿಂಗ್‌ನವರು ಚದರ ಅಡಿಗೆ 50 ರೂಪಾಯಿ ಆಸುಪಾಸು ಹೇಳಿದರು. ಭತ್ತ ಇರೋ ಜಾಗದಲ್ಲಿ ಸೀಸದ ಧೂಳು ಎಬ್ಬಿಸೋದಾ? ಆಮೇಲೆ ಟನ್‌ಗಟ್ಟಲೆ ಗ್ರಿಟ್ ವಿಲೇವಾರಿ ಖರ್ಚು ಯಾರ ತಲೆಗೆ? ಗ್ರೈಂಡರ್ ಹಿಡಿದರೂ ಧೂಳೇ.

ಹಳೇ ಎಣ್ಣೆ ಬಣ್ಣ, ಕಾಸ್ಟಿಕ್‌ಗೆ ಸೋಪಾಗಿ ಬಿಡಲೇಬೇಕು ಅಂತ ಕಾಸ್ಟಿಕ್ ಪೇಸ್ಟ್ ಬಳಿದೆ. ಕೈಕೊಟ್ಟಿದ್ದು ಬಿಸಿಲು. ಏಪ್ರಿಲ್‌ನಲ್ಲಿ 40 ಡಿಗ್ರಿ ಮೇಲೆ. ಬಳಿದ ಪೇಸ್ಟ್ ಅರ್ಧ ಗಂಟೆಗೆ ಒಣಗಿ ಬಿಳಿ ಹಕ್ಕಳೆ ಆಗುತ್ತಿತ್ತು, ಬಣ್ಣ ಹಾಗೇ ಇರುತ್ತಿತ್ತು. ಅಂಗಡಿಯ ಪೇಂಟ್ ರಿಮೂವರ್ ಅದಕ್ಕಿಂತ ಬೇಗ ಹಾರಿಹೋಯಿತು. 12-13 ಸಾವಿರ ಸುಮ್ನೆ ಹೋಯಿತು.

ಪೇಸ್ಟ್ ಗಟ್ಟಿ ಮಾಡೋಕೆ ಮಿಲ್ಲಿನ ತೌಡನ್ನೇ ಹಾಕಿ ನೋಡಿದೆ. ತೌಡಿನಲ್ಲೂ ಎಣ್ಣೆ ಇದೆಯಲ್ವಾ, ಅದೇ ಕಾಸ್ಟಿಕ್ಕನ್ನೆಲ್ಲ ಕುಡಿದು ನೊರೆ ಬಂತು. "ಕಂಬಕ್ಕೆ ಸ್ನಾನ ಮಾಡಸ್ತೀರೇನ್ರೀ?" ಅಂದರು ಸಾಹುಕಾರರು. ಆಮೇಲೆ ನುಚ್ಚಿನ ಹಿಟ್ಟು ಹಿಡಿದೆ. ಕಾಸ್ಟಿಕ್ ನೀರಲ್ಲಿ ಒಲೆ ಇಲ್ಲದೆಯೇ ಗಂಜಿಯಾಗುತ್ತದೆ, ಕಂಬದಿಂದ ಜಾರೋದಿಲ್ಲ. ಅಳತೆ ಕೇಳಬೇಡಿ. ಜೊತೆಗೆ ಬೀಳುವ ಇನ್ನೊಂದು ಪುಡಿಯ ಹೆಸರೂ ಬೇಡ. ಅದು ನಮ್ಮ ಹೊಟ್ಟೆಪಾಡು.

ಕಬ್ಬಿಣ ತಣ್ಣಗಾದ ಮೇಲೆ, ರಾತ್ರಿ ದಪ್ಪಗೆ ಬಳಿದು ಪಾಲಿಥಿನ್ ಹಾಳೆ ಸುತ್ತಿ ಅಂಚಿಗೆ ಟೇಪ್ ಹಾಕಿದೆವು. ಬೆಳಗ್ಗೆ ಹಾಳೆಯ ಜೊತೆಗೇ ಬಣ್ಣ ಬಂತು! ಉಳಿದದ್ದನ್ನು ಹಸಿ ಇದ್ದಾಗಲೇ ಹೆರೆದೆವು. ಗಸೆಟ್ (ಜೋಡಣೆಯ ತಗಡು), ಬೋಲ್ಟ್ ಸಂದಿಗೆ ಎರಡನೇ ಸಲ ಬಳಿಯಬೇಕಾಯಿತು. ತೊಳೆದು, ತೆಳು ಫಾಸ್ಫರಿಕ್ ಆಸಿಡ್ ಒರೆಸಿ, ಮತ್ತೆ ತೊಳೆಯಿರಿ. ಪಿಎಚ್ ಪೇಪರ್ 7ರ ಹತ್ತಿರ, ಅಂದರೆ ಕ್ಷಾರವೂ ಅಲ್ಲ ಆಸಿಡ್ಡೂ ಅಲ್ಲ ಅಂತ ತೋರಿಸೋವರೆಗೆ ಪ್ರೈಮರ್ ಡಬ್ಬಿ ಮುಟ್ಟಬೇಡಿ. ಸತು ಲೇಪನದ ಜಿಐ ಶೀಟಿನ ತುಂಡಿನ ಮೇಲೂ ಹಚ್ಚಿ ನೋಡಿದೆ, ಬುಸುಗುಟ್ಟಿತು. ಎಪಾಕ್ಸಿ ಬಳಿದ ಮೆಟ್ಟಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ತೊಳೆದ ನೀರಲ್ಲೂ ಸೀಸ ಕರಗಿರುತ್ತದೆ. ಮಿಲ್ಲಿನ ಹಿಂದೆಯೇ ತುಂಗಭದ್ರಾ ಎಡದಂಡೆಯ ಉಪಕಾಲುವೆ. ಅಲ್ಲಿಗೆ ಹನಿ ನೀರೂ ಬಿಡಲಿಲ್ಲ, ಎಲ್ಲ ಡ್ರಮ್ಮಿಗೆ ತುಂಬಿಸಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರೋ ತ್ಯಾಜ್ಯದವರಿಗೆ ಕೊಡೋಕೆ 30 ಸಾವಿರದಷ್ಟು ಆಯಿತು. ಹುಡುಗರ ಹತ್ತಿರ ಜಗಳ ಆಗಿದ್ದು ಗುಟ್ಕಾಕ್ಕೆ. ಗ್ಲೌಸ್ ತೆಗೆದು, ಕೈ ತೊಳೆಯದೆ ಒಗ್ಗರಣೆ-ಮಿರ್ಚಿಗೆ ಕೈ ಹಾಕಿದವನಿಗೆ ಆ ದಿನದ ಕೂಲಿ ಇಲ್ಲ ಅಂದೆ. ಆಮೇಲೆ ಎಲ್ಲರೂ ಸೋಪು ಹುಡುಕಿದರು.

ಡ್ರಮ್ಮಿನ ಖರ್ಚೂ ಸೇರಿ ಚದರ ಅಡಿಗೆ ಹೆಚ್ಚೂಕಡಿಮೆ 40 ಬಿತ್ತು. ಬ್ಲಾಸ್ಟಿಂಗ್‌ನವರ ರೇಟಿನಲ್ಲಿ ಗ್ರಿಟ್ ವಿಲೇವಾರಿ ಸೇರಿರಲಿಲ್ಲ, ನೆನಪಿರಲಿ. ಈಗ ಕಾರಟಗಿಯಲ್ಲಿ ಇನ್ನೊಂದು ಮಿಲ್ ಒಪ್ಪಿಕೊಂಡಿದ್ದೇನೆ. ಈ ಸಲ ಅಡ್ವಾನ್ಸ್ ಜಾಸ್ತಿ ಕೇಳಿದ್ದೇನೆ.