ಜಾತ್ರೆಗೆ ಏಳು ದಿನ, ಶಾಲೆಗೆ ಹದಿನಾಲ್ಕು ಗೈರು

ನಾವಿರುವುದು ಇಂಗ್ಲೆಂಡಿನಲ್ಲಿ, ಊರು ಶಿರಸಿ ಹತ್ತಿರ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಈ ಸಲ ಅದು ಫೆಬ್ರವರಿಯ ಹಾಫ್ ಟರ್ಮ್ ರಜೆ ಮುಗಿದ ಮೇಲೆ ಬಂತು. ಆ ಒಂದು ವಾರದ ರಜೆಗೆ ಇನ್ನೂ ಏಳು ದಿನ ಸೇರಿಸದೆ ಜಾತ್ರೆ ಸಿಗುವ ಹಾಗಿರಲಿಲ್ಲ.

ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕೂವರೆ. ಇಬ್ಬರೂ ಸರ್ಕಾರಿ ಶಾಲೆ. "ಜ್ವರ ಅಂತ ಫೋನ್ ಮಾಡಿಬಿಡಿ" ಅಂತ ಗೆಳೆಯರು ಹೇಳಿದರು. ಏಳು ವರ್ಷದವಳ ಬಾಯಿಗೆ ಬೀಗ ಹಾಕೋಕಾಗುತ್ತಾ? ಸೋಮವಾರವೇ ಕ್ಲಾಸಿನಲ್ಲಿ ರಥದ ಕಥೆ ಹೇಳುತ್ತಾಳೆ. ರಜೆ ಅರ್ಜಿಯಲ್ಲಿ ಇದ್ದದ್ದನ್ನೇ ಬರೆದೆ: ಜಾತ್ರೆ, ಆಯಿಗೆ ವಯಸ್ಸಾಗಿದೆ, ಮಕ್ಕಳು ಒಂದು ಸಲವೂ ನೋಡಿಲ್ಲ.

ಉತ್ತರ ಎರಡೇ ಸಾಲು. ಆಗುವುದಿಲ್ಲ. 2013ರಿಂದ ಇಲ್ಲಿನ ಹೆಡ್‌ಟೀಚರ್‌ಗಳು ತೀರಾ ವಿಶೇಷ ಕಾರಣ ಇದ್ದರಷ್ಟೇ ರಜೆ ಕೊಡಬಹುದು. ಪ್ರವಾಸ ಅದರಲ್ಲಿ ಬರುವುದಿಲ್ಲ. ಅವರ ಮೇಲೆ ಸಿಟ್ಟು ಬರಲಿಲ್ಲ, ಆದರೂ ಹೋದೆವು.

ಹೋಗುವ ಮೊದಲು ಲೆಕ್ಕ ಹಾಕಿದ್ದೆವು. ಇಲ್ಲಿ ಅರ್ಧ ದಿನ ಅಂದರೆ ಒಂದು ಸೆಷನ್. ಹತ್ತು ಶಾಲಾ ವಾರಗಳೊಳಗೆ ಒಪ್ಪಿಗೆ ಇಲ್ಲದ ಗೈರು ಹತ್ತು ಸೆಷನ್ ಮುಟ್ಟಿದರೆ ದಂಡದ ಮಾತು ಬರುತ್ತದೆ. ನಮ್ಮದು ಹದಿನಾಲ್ಕು. 2024ರ ಆಗಸ್ಟ್‌ನಿಂದ ದಂಡ 80 ಪೌಂಡ್, 21 ದಿನದೊಳಗೆ ಕಟ್ಟಿದರೆ. ತಡ ಮಾಡಿದರೆ 160. ಅದೂ ಒಂದು ಮಗುವಿಗೆ, ಒಬ್ಬೊಬ್ಬ ಪೋಷಕರಿಗೆ. ಮಗನಿಗೆ ಐದು ತುಂಬಿಲ್ಲ, ಕಡ್ಡಾಯ ಶಾಲೆಯ ವಯಸ್ಸೇ ಆಗಿಲ್ಲ, ಅವನ ಲೆಕ್ಕದಲ್ಲಿ ದಂಡ ಇಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. (ಸ್ಕಾಟ್ಲೆಂಡಿನಲ್ಲಿ ಇಂಥ ದಂಡವೇ ಇಲ್ಲ. ಅಲ್ಲಿರುವ ಭಾವ ಇದನ್ನು ಆಗಾಗ ನೆನಪಿಸುತ್ತಾನೆ.)

ಮಗಳ ಟೀಚರ್ ಎಂಟರ ಮಗ್ಗಿ ಕಲಿಸಿಕೊಂಡು ಬನ್ನಿ ಎಂದಿದ್ದರು. ಅದನ್ನು ಅಜ್ಜ ವಹಿಸಿಕೊಂಡ. ಬಿಡಕಿಬೈಲಿನಲ್ಲಿ ದೇವಿಯ ಗದ್ದುಗೆ ದರ್ಶನಕ್ಕೆ ಸಾಲು ಹನುಮಂತನ ಬಾಲದ ಹಾಗೆ. ಬಿಸಿಲು, ಧೂಳು, ಹಿಂದಿನಿಂದ ಯಾರೋ ಪೀಪಿ ಊದುತ್ತಿದ್ದರು. ಇವಳು ಅಜ್ಜನ ಬೆರಳು ಹಿಡಿದು "ಎಂಟೊಂದ್ಲೆ ಎಂಟು, ಎಂಟೆರಡ್ಲೆ ಹದಿನಾರು" ಅಂತ ರಾಗವಾಗಿ ಹೇಳುತ್ತಾ ನಿಂತಿದ್ದಳು. ಎಂಟೇಳ್ಲೆಗೆ ಪ್ರತಿ ಸಲ ತಪ್ಪುತ್ತಿದ್ದಳು. ತೊಟ್ಟಿಲು ಹತ್ತಬೇಕಾದರೆ ಐವತ್ತಾರು ಅನ್ನಬೇಕು ಎಂದ ಅಜ್ಜ. ಅವತ್ತಿನಿಂದ ತಪ್ಪಿಲ್ಲ. ಈಗಲೂ ಹೋಮ್‌ವರ್ಕ್‌ಗೆ ಕೂತಾಗ ಮೊದಲು ಕನ್ನಡದಲ್ಲಿ ಗುನುಗಿ, ಆಮೇಲೆ ಉತ್ತರ ಬರೆಯುತ್ತಾಳೆ. ಮಗ ಮಾತ್ರ ಜಾತ್ರೆಯ ಅರ್ಧ ಹೊತ್ತು ಹೆಗಲ ಮೇಲೆ ನಿದ್ದೆ ಮಾಡಿದ.

ವಾಪಸ್ ಬಂದ ಮೇಲೆ ಕೌನ್ಸಿಲಿನಿಂದ ಎರಡು ಲಕೋಟೆ ಬಂದವು, ನನಗೊಂದು, ಹೆಂಡತಿಗೊಂದು. ಮೇಲ್ಮನವಿ ಇಲ್ಲ, ಕಂತೂ ಇಲ್ಲ. ಅವತ್ತೇ 160 ಪೌಂಡ್ ಕಟ್ಟಿದೆವು. ಕಟ್ಟಿದರೆ ಕೋರ್ಟಿನ ದಾಖಲೆ ಏನೂ ಆಗುವುದಿಲ್ಲ. ಶಾಲೆಯಲ್ಲಿ ಯಾರೂ ಮುಖ ಗಂಟಿಕ್ಕಲಿಲ್ಲ. ಸುಳ್ಳು ಹೇಳಿ ಹೋಗಿದ್ದರೆ ನಾನೇ ಗೇಟಿನ ಹತ್ತಿರ ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದೆ.

ತೊಡಕಿರುವುದು ಮುಂದೆ. ಮೂರು ವರ್ಷದೊಳಗೆ ಅದೇ ಮಗುವಿಗೆ ಎರಡನೇ ಸಲವಾದರೆ ದಂಡ ನೇರ 160, ಬೇಗ ಕಟ್ಟಿದರೂ ರಿಯಾಯಿತಿ ಇಲ್ಲ. ಮೂರನೇ ಸಲಕ್ಕೆ ದಂಡದ ದಾರಿಯೇ ಮುಚ್ಚಿ ಕೋರ್ಟಿನ ತನಕ ಹೋಗಬಹುದು. ಜಾತ್ರೆಯೋ ಎರಡು ವರ್ಷಕ್ಕೆ. ಅಷ್ಟು ಹೊತ್ತಿಗೆ ಮಗನಿಗೂ ಆರೂವರೆ. ಮಗಳಿಗೆ 320, ಅವನಿಗೆ 160, ಒಟ್ಟು 480. ಆಯಿಗೆ ಫೋನಿನಲ್ಲಿ ಹೇಳಿದೆ. "ಟಿಕೆಟ್ ಯಾವಾಗ ಮಾಡ್ತೆ?" ಅಂದಳು.